ಬಲೂನು ಇಳಿದರೆ ಬಟ್ಟೆ ತೆಗೆಯಿರಿ

ಫೆಬ್ರವರಿ 11

ಮಗಾ,

ಮೊದಲು, ಈ ಕಾಗದವನ್ನು ನಿನಗಿಂತ ಮುಂಚೆ ಓದುವ ಸಾಹೇಬರಿಗೆ ನನ್ನ ನಮಸ್ಕಾರ. ಸ್ವಾಮಿ, ನಾನು ಲಾಂಡ್ರಿ ಅಂಗಡಿಯವಳು. ನನ್ನ ಹತ್ತಿರ ದೇಶದ ಗುಟ್ಟು ಯಾವುದೂ ಇಲ್ಲ. ಈ ಬೀದಿಯವರ ಒಳಂಗಿಗಳ ಗುಟ್ಟು ಮಾತ್ರ ಇದೆ, ಅದನ್ನು ಸತ್ತರೂ ಬಾಯಿ ಬಿಡುವುದಿಲ್ಲ. ಹೋದ ಕಾಗದದಲ್ಲಿ ನೀವು ಮಸಿ ಬಳಿದ ಸಾಲಿನಲ್ಲಿದ್ದದ್ದು ನನ್ನ ಮಂಡಿನೋವಿನ ಮುಲಾಮಿನ ಹೆಸರು. ಇರಲಿ ಬಿಡಿ, ಹುಷಾರಾಗಿರುವುದು ಒಳ್ಳೆಯದೇ.

ಈಗ ನೀನು. ಕಣ್ಣಿಗೆ ಕಾಣುವ ಗುಡ್ಡ, ಬ್ರೆಡ್ ವ್ಯಾನಿನವನು ದಿನಾ ಹೋಗಿಬರುವ ಗುಡ್ಡ. ಅಲ್ಲಿರುವ ಮಗನಿಗೆ ಕಾಗದ ಬರೆಯಬೇಕಲ್ಲಾ ಎಂದು ಮೊದಮೊದಲು ನಗು ಬರುತ್ತಿತ್ತು. ಸೈನ್ಯದ ಬೇಲಿಯೊಳಗೆ ಫೋನು ಬಿಡುವುದಿಲ್ಲ, ಏನು ಮಾಡುವುದು. ಈಗ ರೂಢಿಯಾಗಿದೆ. ಫೋನಿನಲ್ಲಾದರೆ ನೀನು ಹೂಂ, ಹೂಂ ಎಂದು ಮುಗಿಸಿಬಿಡುತ್ತಿದ್ದೆ. ಕಾಗದದಲ್ಲಿ ಅಷ್ಟು ಸುಲಭಕ್ಕೆ ಜಾರಿಕೊಳ್ಳಲು ಬರುವುದಿಲ್ಲ.

ನಿನ್ನ ಬಲೂನು ಚೆನ್ನಾಗಿದೆ. ಬೀದಿಯವರೆಲ್ಲ ಈಗ ಅದಕ್ಕೆ ಎಮ್ಮೆ ಅಂತಲೇ ಅನ್ನುವುದು. ಗೂಟಕ್ಕೆ ಕಟ್ಟಿದ ಬಿಳಿ ಎಮ್ಮೆಯ ಹಾಗೆ ಆಕಾಶದಲ್ಲಿ ಸುಮ್ಮನೆ ಮೇಯುತ್ತಾ ನಿಂತಿರುತ್ತದೆ. ನೀವು ಅದನ್ನು ಎಳೆದು ಇಳಿಸಲು ಶುರು ಮಾಡಿದಿರಿ ಎಂದರೆ ಗಾಳಿ ಬರುತ್ತಿದೆ ಎಂದರ್ಥ. ಅದು ಕೆಳಗೆ ಬರುವಷ್ಟರಲ್ಲಿ ನಾವು ಹಗ್ಗಗಳನ್ನೆಲ್ಲ ಖಾಲಿ ಮಾಡಿರುತ್ತೇವೆ. ನೀನು ಅಲ್ಲಿ ಸೇರಿದ ಮೇಲೆ ನನ್ನ ಅಂಗಡಿಯ ಒಂದು ಕರವಸ್ತ್ರವೂ ಹಾರಿಹೋಗಿಲ್ಲ. ಬೀದಿಯವರಿಗೂ ಉಪಯೋಗವಾಗಲಿ ಎಂದು ಹೋದ ವಾರ ಅಂಗಡಿಯ ಮುಂದೆ ಒಂದು ಬೋರ್ಡು ನಿಲ್ಲಿಸಿದೆ: "ಬಲೂನು ಇಳಿದರೆ ಬಟ್ಟೆ ತೆಗೆಯಿರಿ." ಈಗ ಎಮ್ಮೆ ಇಳಿಯಲು ಶುರುವಾದರೆ ಸಾಕು, ಇಡೀ ಬೀದಿ ಟೆರೇಸಿನ ಮೇಲಿರುತ್ತದೆ. ಪಕ್ಕದ ಮನೆಯ ಟೈಲರೂ ಎದುರು ಬೇಕರಿಯವಳೂ ಒಬ್ಬರ ಮುಖ ಒಬ್ಬರು ನೋಡಿ ಮಾತಾಡುವುದೇ ಆಗ. ಮದುವೆಯ ಮಾತು ಎತ್ತಲು ಇನ್ನೆಷ್ಟು ಬಿರುಗಾಳಿ ಬೇಕೋ ಕಾಣೆ.

ನಿನ್ನ ಹೆಂಡತಿ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದಾಳೆ. ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೇನೆ, ಬರೆಯಲಿ.

ನಿನ್ನ
ಅಮ್ಮ

ರೀ, ನಾನು ಗಡಿಬಿಡಿ. ನೀವು ಇಟ್ಟ ಹೆಸರನ್ನ ನಿಮ್ಮಮ್ಮ ಊರಿಗೆಲ್ಲ ಹಂಚಿದಾರೆ. ಮೆಟ್ಟಿಲು ಎರಡೆರಡು ಹತ್ತಿದ್ರೆ ಅದೂ ತಪ್ಪಾ? ನಾಳೆಯಿಂದ ಸಂಜೆ ಹಸಿರು ಸ್ವೆಟರ್ ಹಾಕ್ಕೊಂಡು ನೀರಿನ ಟ್ಯಾಂಕ್ ಪಕ್ಕ ನಿಂತಿರ್ತೀನಿ. ದುರ್ಬೀನಲ್ಲಿ ನೋಡಿ. ಕಂಡರೆ ಬರೀರಿ, ಕಾಣದಿದ್ರೆ ಸುಳ್ಳು ಹೇಳ್ಬೇಡಿ.

*

ಫೆಬ್ರವರಿ 23

ಅಮ್ಮಾ,

ಕಂಡಳು ಎಂದು ಹೇಳು. ಹಸಿರು ಚುಕ್ಕೆ, ಟ್ಯಾಂಕಿನ ಎಡಕ್ಕೆ. ಒಂದು ಕಡೆ ನಿಲ್ಲದೆ ಆ ಕಡೆ ಈ ಕಡೆ ಓಡಾಡುತ್ತಿತ್ತು, ಅದರಿಂದಲೇ ಅವಳು ಎಂದು ಗೊತ್ತಾಯಿತು.

ನಿನ್ನ ಬೋರ್ಡಿನ ವಿಷಯ ಓದಿ ಕಾಗದ ಓದುವ ಸಾಹೇಬರು ನಕ್ಕರಂತೆ. ಮುಲಾಮಿನ ವಿಷಯಕ್ಕೆ ಕ್ಷಮೆ ಕೇಳಿದ್ದಾರೆ.

ಬೇಕರಿಯವಳು ಬ್ರೆಡ್ ವ್ಯಾನಿನವನ ಹತ್ತಿರ ಕೇಳಿದಳಂತಲ್ಲ, ಬಲೂನಿನಲ್ಲಿ ಕೂರುವವರು ಯಾರು ಎಂದು. ಯಾರೂ ಕೂರುವುದಿಲ್ಲ. ಹೊಟ್ಟೆಯ ಕೆಳಗೆ ರಾಡಾರ್ ಇದೆ, ಅಷ್ಟೇ. ಗುಡ್ಡಗಳ ಮರೆಯಲ್ಲಿ ತಗ್ಗಿ ಹಾರಿಬರುವ ಕ್ಷಿಪಣಿ ನೆಲದ ಮೇಲಿನ ರಾಡಾರಿಗೆ ಕಾಣುವುದಿಲ್ಲ, ಎತ್ತರದಿಂದ ನೋಡಿದರೆ ಕಾಣುತ್ತದೆ. ಇದು ಪೇಪರಿನಲ್ಲೂ ಬಂದಿದೆ, ಹಾಗಾಗಿ ಬರೆಯಬಹುದು. ನನ್ನ ಕೆಲಸ ಕೆಳಗೆ. ಕೇಬಲ್ ಸುತ್ತುವ ವಿಂಚಿನ ಮುಂದೆ ಕೂರುವುದು, ಗಾಳಿಯ ಮುಳ್ಳು ಕೆಂಪು ಗೆರೆ ದಾಟಿದರೆ ಇಳಿಸುವುದು, ಗಾಳಿ ನಿಂತರೆ ಏರಿಸುವುದು. ಅವಸರ ಮಾಡುವಂತಿಲ್ಲ. ನಿನ್ನ ಸೊಸೆಗೆ ಈ ಕೆಲಸ ಕೊಟ್ಟಿದ್ದರೆ ಮೊದಲ ದಿನವೇ ಬಲೂನು ಮೂರು ಊರು ದಾಟಿರುತ್ತಿತ್ತು.

ಇನ್ನೊಂದು ಮಾತು. ಬಲೂನು ಇಳಿಯುವಾಗ ಟೆರೇಸಿನ ಮೇಲೆ ಹರಟೆ ಹೊಡೆಯುತ್ತಾ ನಿಲ್ಲಬೇಡಿ. ಗಾಳಿ ಕೆಟ್ಟದ್ದು. ಬಟ್ಟೆ ತೆಗೆದು ಬೇಗ ಕೆಳಗೆ ಬನ್ನಿ.

ನಿನ್ನ
ಮಗ

*

ಮಾರ್ಚ್ 9

ಮಗಾ,

ಗಾಳಿ ಕೆಟ್ಟದ್ದಂತೆ! ಈ ವಯಸ್ಸಿನವರೆಗೂ ಗಾಳಿಯಲ್ಲೇ ಬಟ್ಟೆ ಒಣಗಿಸಿದವಳಿಗೆ ನೀನು ಹೇಳಿಕೊಡು. ನಿನ್ನಪ್ಪನೂ ಹೀಗೇ, ನೆಗಡಿಯಾಗುತ್ತದೆ ಎಂದು ಬೇಸಿಗೆಯಲ್ಲೂ ಕಿಟಕಿ ಮುಚ್ಚುತ್ತಿದ್ದರು.

ಒಂದು ಒಳ್ಳೆಯ ಸುದ್ದಿ. ಸ್ಟೇಷನ್ ಎದುರಿನ ಹೋಟೆಲಿನವರು ಹಾಸಿಗೆಯ ಬಟ್ಟೆ ಪೂರ್ತಿ ನಮಗೇ ಕೊಟ್ಟಿದ್ದಾರೆ. ಟೆರೇಸಿನ ಮೇಲೆ ಈಗ ನಡೆದಾಡಲೂ ಜಾಗವಿಲ್ಲ, ಹಗ್ಗದ ಮೇಲೆ ಹಗ್ಗ. ನನ್ನ ಮಂಡಿ ಟೆರೇಸಿನ ಮೆಟ್ಟಿಲುಗಳಿಗೆ ಆಗಲೇ ಸಲಾಮು ಹೊಡೆದಾಗಿದೆ, ಹತ್ತಿ ಇಳಿಯುವುದೆಲ್ಲ ನಿನ್ನ ಹೆಂಡತಿಯೇ. ನೀನು ರಾಟೆ ಹಾಕಿಕೊಡುತ್ತೇನೆ ಎಂದು ಹೇಳಿ ಎಷ್ಟು ಕಾಲವಾಯಿತು? ದೇಶದ ಬಲೂನನ್ನು ಕೂತಲ್ಲಿಂದ ಇಳಿಸುತ್ತೀಯ, ತಾಯಿಯ ನಾಲ್ಕು ಬೆಡ್‌ಶೀಟು ಇಳಿಸಲು ಪುರುಸೊತ್ತಿಲ್ಲ. ರಜೆಗೆ ಬಂದಾಗ ಬಿಡುವುದಿಲ್ಲ ನೋಡು.

ನಿನ್ನ
ಅಮ್ಮ

ರೀ, ರಾಟೆ ಹಿಂದಿನ ಅಂಗಳದ ತನಕ ಬರೋ ಹಾಗೆ ಹಾಕಿ. ಕೆಳಗೆ ನಿಂತು ಹಿಡಿ ತಿರುಗಿಸಿದ್ರೆ ಬಟ್ಟೆ ತಾವೇ ಸಾಲಾಗಿ ಇಳಿದು ಬರ್ಬೇಕು, ನಿಮ್ಮ ಎಮ್ಮೆ ಥರಾ. ಚಿತ್ರ ಬರೆದಿದೀನಿ, ಸಾಹೇಬ್ರು ಮಸಿ ಬಳೀತಾರೇನೋ ಅಂತ ಕಳಿಸ್ತಿಲ್ಲ. ಏಪ್ರಿಲ್‌ನಲ್ಲಿ ರಜೆ ಸಿಗತ್ತೆ ಅಲ್ವಾ? ಸಿಗತ್ತೆ ಅಂತಲೇ ಬರೀರಿ.

*

ಮೇ 2

ಅಮ್ಮಾ,

ನಾನು ಅವಳ ಮಣ್ಣಿಗೆ ಬಂದು ವಾಪಸಾದ ಮೇಲೆ ಬರೆಯುತ್ತಿರುವ ಮೊದಲ ಕಾಗದ. ಆ ಎರಡು ದಿನ ನಾವು ಮಾತಾಡಿದ್ದು ನೆನಪಿಲ್ಲ. ಕುರ್ಚಿಗಳನ್ನು ಯಾರ ಮನೆಯಿಂದ ತಂದದ್ದು, ವಾಪಸು ಕೊಟ್ಟೆವೋ ಇಲ್ಲವೋ ಎಂಬ ಮಾತು ಮಾತ್ರ ನೆನಪಿದೆ.

ವಿಚಾರಣೆ ಮುಗಿಯಿತು. ಮುಳ್ಳು ಕೆಂಪು ಗೆರೆ ದಾಟಿತ್ತು. ನಮ್ಮ ಡ್ಯೂಟಿಯ ಸಾಹೇಬರು ಇಳಿಸು ಎಂದರು, ನಾನು ಇಳಿಸಿದೆ. ಇಳಿಸಲು ಶುರು ಮಾಡುವಾಗ ರಾಡಾರ್ ಆರಿಸಬೇಕು, ಆರಿಸಿದೆವು. ಅದು ಕೆಳಗಿದ್ದಾಗ ಊರಿಗೆ ಕಣ್ಣಿಲ್ಲ. ಇದನ್ನು ಮೊದಲೇ ಬರೆದಿದ್ದರೆ ಮಸಿ ಬಳಿಯುತ್ತಿದ್ದರು, ನನ್ನನ್ನು ಒಳಗೆ ಹಾಕುತ್ತಿದ್ದರು. ಅದಕ್ಕೇ ಗಾಳಿ ಕೆಟ್ಟದ್ದು ಎಂದು ಬರೆದೆ. ಈಗ ಊರಿಗೆಲ್ಲ ಗೊತ್ತಿರುವುದರಿಂದ ಬರೆಯಬಹುದಂತೆ.

ಸೈರನ್ ಕೂಗುವಷ್ಟರಲ್ಲಿ ಕ್ಷಿಪಣಿ ಬಂದಾಗಿತ್ತು. ಇಲ್ಲಿಂದ ಹೊಗೆ ಕಂಡಿತು. ನಮ್ಮ ಬೀದಿ ಎಂದು ಗೊತ್ತಾಯಿತು. ಬಲೂನು ಇನ್ನೂ ಅರ್ಧದಲ್ಲಿತ್ತು, ಪೂರ್ತಿ ಇಳಿಸಿ ಕಟ್ಟಿದ ಮೇಲೇ ಎದ್ದೆ. ಎಲ್ಲ ಸರಿಯಾಗಿ ಮಾಡಿದ್ದೇನೆ ಎಂದು ಬರೆದು ಸಹಿ ಹಾಕಿದ್ದಾರೆ.

ನನಗೆ ಏನೂ ಅನ್ನಿಸುತ್ತಿಲ್ಲ. ಊಟ ಮಾಡುತ್ತೇನೆ, ರುಚಿ ಗೊತ್ತಾಗುವುದಿಲ್ಲ. ಜೊತೆಯವರು ನಾನು ಒಳಗೆ ಬಂದರೆ ಮಾತು ನಿಲ್ಲಿಸುತ್ತಾರೆ. ಮಾತಾಡಿ ಎಂದು ಹೇಳಬೇಕು ಅನ್ನಿಸುತ್ತದೆ.

ಮಂಡಿ ಹೇಗಿದೆ?

ಮಗ

*

ಮೇ 20

ಮಗಾ,

ಮಂಡಿ ಹಾಗೇ ಇದೆ.

ಕುರ್ಚಿಗಳು ಬೇಕರಿಯವಳದ್ದು. ಕೊಟ್ಟಾಯಿತು. ಟೈಲರನ ಮನೆ ಇದ್ದಲ್ಲಿ ತಗಡಿನ ಬೇಲಿ ಹಾಕಿದ್ದಾರೆ. ಬೇಕರಿಯವಳು ದಿನಾ ಬೆಳಗ್ಗೆ ಅದರ ಮುಂದೆ ಒಂದು ಗಳಿಗೆ ನಿಂತು ಹೋಗಿ ಅಂಗಡಿ ತೆರೆಯುತ್ತಾಳೆ. ನಮ್ಮ ಟೆರೇಸಿನ ಆ ಬದಿಯ ಗೋಡೆ ಇನ್ನೂ ಕಟ್ಟಿಸಿಲ್ಲ.

ಅಂಗಡಿ ತೆರೆದಿದ್ದೇನೆ. ನಿನ್ನೆ ಒಂದೇ ಅಂಗಿಗೆ ಮೂರು ಸಲ ಇಸ್ತ್ರಿ ಹಾಕಿದೆ. ಗಿರಾಕಿ ನೋಡುತ್ತಾ ನಿಂತಿದ್ದ. ಎಲ್ಲರೂ ಈಗ ನನ್ನ ಜೊತೆ ಬಹಳ ಒಳ್ಳೆಯವರಾಗಿದ್ದಾರೆ. ಚೌಕಾಸಿ ಕೂಡ ಮಾಡುವುದಿಲ್ಲ, ಅದು ಇನ್ನೂ ಹಿಂಸೆ.

ನೀನು ಕೇಳಲಿಲ್ಲ. ಆದರೂ ಬರೆಯುತ್ತೇನೆ, ಒಂದು ಸಲ ಬರೆದರೆ ಮುಗಿಯಿತು. ಆ ದಿನ ಅವಳು ಕೆಳಗೆ ನನ್ನ ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದಳು. "ಎಮ್ಮೆ ಇಳೀತಿದೆ, ಹೋಗೇ, ಹೋಟೆಲ್ಲಿನ ಬೆಡ್‌ಶೀಟ್ ತೆಗಿ" ಅಂದೆ. "ಇದೊಂದು ಮಡಿಸಿ ಹೋಗ್ತೀನಿ ಅತ್ತೆ" ಅಂದಳು. ಯಾವತ್ತೂ ಓಡುವವಳು, ಅವತ್ತು ನಿಧಾನಿಸಿದಳು. ನಾನೇ "ಮಡಿಸೋದು ಆಮೇಲೆ, ಮೊದಲು ಹತ್ತು" ಅಂದೆ.

ನನಗೆ ಅಳು ಬಂದಿಲ್ಲ. ಬೋರ್ಡು ಅಲ್ಲೇ ಇದೆ. ಒಳಗೆ ತರಬೇಕು ಎಂದುಕೊಳ್ಳುತ್ತೇನೆ, ಕೈ ಹೋಗುವುದಿಲ್ಲ.

ಕಾಗದದ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೇನೆ ನೋಡು. ಬಿಟ್ಟ ಮೇಲೆ ಗೊತ್ತಾಯಿತು.

ಅಮ್ಮ

*

ಜೂನ್ 14

ಅಮ್ಮಾ,

ಈ ತಿಂಗಳು ಗಾಳಿ ಜಾಸ್ತಿ. ಮೇಲಿಂದ ಮೇಲೆ ಇಳಿಸುತ್ತಿದ್ದೇವೆ.

ನಾನೀಗ ಪ್ರತಿ ಸಲ ವಿಂಚ್ ಶುರು ಮಾಡುವ ಮುಂಚೆಯೂ ಆಮೇಲೂ ದುರ್ಬೀನಿನಲ್ಲಿ ಊರು ನೋಡುತ್ತೇನೆ. ಯಾರೂ ಬೇಡ ಎಂದಿಲ್ಲ. ಊರು ಈಗ ಬುದ್ಧಿ ಕಲಿತಿದೆ. ಬಲೂನು ಇಳಿಯಲು ಶುರುವಾದರೆ ಟೆರೇಸುಗಳು ಖಾಲಿ. ಬಟ್ಟೆಗಳನ್ನು ಹಾಗೇ ಬಿಟ್ಟು ನೆಲಮಾಳಿಗೆಗೆ ಇಳಿದುಬಿಡುತ್ತಾರೆ. ಊರಿನ ಬಟ್ಟೆಯೆಲ್ಲ ಗಾಳಿಗೆ ಬಡಿದುಕೊಳ್ಳುತ್ತಿರುತ್ತದೆ, ಒಬ್ಬ ಮನುಷ್ಯ ಕಾಣುವುದಿಲ್ಲ.

ಮೊನ್ನೆ ನಮ್ಮ ಟೆರೇಸಿನ ಮೇಲೆ ಹಸಿರು ಚುಕ್ಕೆ ಕಂಡಿತು, ಟ್ಯಾಂಕಿನ ಎಡಕ್ಕೆ. ನಿಜ ಹೇಳುತ್ತೇನೆ, ನನಗೆ ಆಶ್ಚರ್ಯವಾಗಲಿಲ್ಲ. ಇದ್ದಾಳೆ ಎಂದುಕೊಂಡು ದುರ್ಬೀನು ಕೆಳಗಿಟ್ಟು ವಿಂಚಿನ ಹಿಡಿಗೆ ಕೈ ಹಾಕಿದೆ. ಆಮೇಲೆ ನೆನಪಾಯಿತು. ಮತ್ತೆ ನೋಡಿದೆ. ಆ ಚುಕ್ಕೆ ಓಡಾಡುತ್ತಿರಲಿಲ್ಲ. ನಿಧಾನವಾಗಿ ಒಂದೊಂದೇ ಕ್ಲಿಪ್ಪು ತೆಗೆಯುತ್ತಿತ್ತು.

ಅದು ನೀನು. ಅವಳ ಸ್ವೆಟರ್ ಹಾಕಿಕೊಂಡು, ಆ ಮಂಡಿಯಲ್ಲಿ ಅಷ್ಟು ಮೆಟ್ಟಿಲು ಹತ್ತಿ. ಯಾಕೆ?

ಮಗ

*

ಜೂನ್ 28

ಮಗಾ,

ಗಿರಾಕಿಗಳ ಬಟ್ಟೆ. ಹಾರಿಹೋದರೆ ಯಾರು ಜವಾಬ್ದಾರಿ? ನಿನ್ನ ಕೆಲಸ ನೀನು ಮಾಡುತ್ತಿದ್ದೀಯ, ನನ್ನ ಕೆಲಸ ನಾನು ಮಾಡುತ್ತೇನೆ. ಮೇಲೆ ಚಳಿ, ಅದಕ್ಕೇ ಸ್ವೆಟರ್.

ಇಷ್ಟು ಬರೆದು ಮುಗಿಸೋಣ ಎಂದುಕೊಂಡಿದ್ದೆ. ಆದರೆ ನೀನು ದುರ್ಬೀನು ಹಿಡಿದವನು, ನಿನ್ನ ಹತ್ತಿರ ಮುಚ್ಚಿಟ್ಟು ಏನು ಪ್ರಯೋಜನ. ಬಟ್ಟೆ ತೆಗೆದ ಮೇಲೂ ನಾನು ಕೆಳಗೆ ಬರುವುದಿಲ್ಲ. ಟ್ಯಾಂಕಿಗೆ ಒರಗಿ ಕೂರುತ್ತೇನೆ, ನಿನ್ನ ಬಲೂನು ಮತ್ತೆ ಏರುವ ತನಕ. ಬೀದಿಯಲ್ಲಿ ಒಂದು ನಾಯಿಯೂ ಇರುವುದಿಲ್ಲ. ಅವಳನ್ನು ಕಳಿಸಿದ ಜಾಗದಲ್ಲಿ ನಾನೂ ಇರಬೇಕು ಅನ್ನಿಸುತ್ತದೆ. ಹೆದರಿಕೆ ಇಲ್ಲ. ದುಃಖವೂ ಇಲ್ಲ. ಬಸ್ಸಿಗೆ ಕಾಯುವ ಹಾಗೆ ಕೂತಿರುತ್ತೇನೆ. ಏನೂ ಬರುವುದಿಲ್ಲ. ಎಮ್ಮೆ ಏರುತ್ತದೆ, ನಾನು ಇಳಿದು ಬಂದು ಇಸ್ತ್ರಿ ಬಿಸಿಗಿಡುತ್ತೇನೆ.

ಬೇಕರಿಯವಳು ಕೆಳಗೆ ಬಾ ಎಂದು ಕೂಗಿ ಕೂಗಿ ಸಾಕಾಗಿ ಬಿಟ್ಟಿದ್ದಾಳೆ. ನೀನೂ ಬಿಟ್ಟುಬಿಡು.

ಅಮ್ಮ

*

ಜುಲೈ 8

ಅಮ್ಮಾ,

ನಾಲ್ಕು ದಿನದ ಹಿಂದಿನ ಗಾಳಿ ನೆನಪಿರಬೇಕು. ಬಲೂನು ಬಹಳ ಹೊತ್ತು ಇಳಿಯಲಿಲ್ಲ ಎಂದು ನೀನೂ ನೋಡಿರುತ್ತೀಯ. ಯಾಕೆ ಎಂದು ಬರೆಯುತ್ತೇನೆ.

ಮುಳ್ಳು ಕೆಂಪು ಗೆರೆ ದಾಟಿತು. ಡ್ಯೂಟಿಯ ಸಾಹೇಬರು ತಲೆ ಆಡಿಸಿದರು. ನಾನು ದುರ್ಬೀನು ಹಿಡಿದೆ. ಇನ್ನೂ ಇಳಿಸಲು ಶುರುವೇ ಮಾಡಿರಲಿಲ್ಲ, ನೀನು ಆಗಲೇ ಮೇಲೆ ಬಂದು ಕಾಯುತ್ತಿದ್ದೆ. ನನ್ನ ಕೈ ಹಿಡಿಯ ಮೇಲಿತ್ತು, ಅಲುಗಾಡಲಿಲ್ಲ. ಸಾಹೇಬರು ಇಳಿಸು ಎಂದರು. ಮತ್ತೆ ಹೇಳಿದರು. ಕೊನೆಗೆ "ಇಳಿಸೋ, ಕೇಬಲ್ ಹೋಗತ್ತೆ!" ಎಂದು ಕಿರುಚಿದರು. ಕೇಬಲ್ ಆಗ ಒಂದು ಥರಾ ಹಾಡುತ್ತದೆ, ಅದು ಹಾಡಲು ಶುರು ಮಾಡಿತ್ತು. ನಾನು ರಾಡಾರ್ ಆರಿಸಿದರೆ ನೀನು ಕುರುಡು ಆಕಾಶದ ಕೆಳಗೆ ಕೂತಿರುತ್ತೀಯ. ಆರಿಸುವುದಿಲ್ಲ ಎಂದು ಕೂತೆ. ಜೊತೆಯವನು ನನ್ನನ್ನು ತಳ್ಳಿ ಹಿಡಿ ತಿರುಗಿಸಿದ.

ಕೇಬಲ್ ಕಿತ್ತಿದ್ದರೆ ಬಲೂನು ಹೋಗುತ್ತಿತ್ತು. ಇನ್ನೊಂದು ಬರಲು ತಿಂಗಳುಗಳು ಬೇಕು. ಅಷ್ಟೂ ತಿಂಗಳು ಇಡೀ ಊರಿಗೆ ಕಣ್ಣಿಲ್ಲ. ಬೇಕರಿಯವಳಿಗೆ, ಬ್ರೆಡ್ ವ್ಯಾನಿನವನಿಗೆ, ನಿನ್ನ ಗಿರಾಕಿಗಳಿಗೆ. ನನಗೆ ಅದು ಗೊತ್ತಿತ್ತು, ಆದರೂ ಕೈ ಬರಲಿಲ್ಲ.

ನನ್ನನ್ನು ವಿಂಚಿನಿಂದ ತೆಗೆದು ಉಗ್ರಾಣಕ್ಕೆ ಹಾಕಿದ್ದಾರೆ. ಹೀಲಿಯಂ ಸಿಲಿಂಡರುಗಳ ನಡುವೆ ಕೂತು ಇದನ್ನು ಬರೆಯುತ್ತಿದ್ದೇನೆ. ಜುಲೈ ಕೊನೆಗೆ ರಜೆಯ ಮೇಲೆ ಮನೆಗೆ ಕಳಿಸುತ್ತಾರಂತೆ. ಆಮೇಲೆ ಮತ್ತೆ ವಿಂಚಿಗೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ತೆಗೆದುಕೊಂಡರೂ, ನೀನು ಮೇಲೆ ಕೂತಿರುವ ತನಕ ನನ್ನಿಂದ ಅದನ್ನು ಇಳಿಸಲು ಆಗುವುದಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಅಮ್ಮಾ. ನೀನು ಹತ್ತು ಎಂದೆ, ನಾನು ಇಳಿಸಿದೆ. ಯಾರದ್ದು ಹೆಚ್ಚು ಎಂದು ತೂಗಲು ಹೋದರೆ ನಾವಿಬ್ಬರೂ ಉಳಿಯುವುದಿಲ್ಲ. ನನಗೆ ಇರುವವಳು ನೀನೊಬ್ಬಳು. ಕೆಳಗಿರು. ಬಂದ ಮೇಲೆ ರಾಟೆ ಹಾಕುತ್ತೇನೆ, ಅವಳು ಹೇಳಿದ ಹಾಗೇ, ಅಂಗಳದ ತನಕ. ಆ ಚಿತ್ರ ಮನೆಯಲ್ಲಿದ್ದರೆ ತೆಗೆದಿಡು.

ನಿನ್ನ
ಮಗ

ಅಮ್ಮಾ, ನಾನು ನಿಮ್ಮ ಕಾಗದಗಳನ್ನು ಮೊದಲು ಓದುವವನು. ಇದರಲ್ಲಿ ಮಸಿ ಬಳಿಯಬೇಕಾದ ಸಾಲುಗಳು ಬಹಳ ಇವೆ. ಬಳಿದಿಲ್ಲ. ನೀವು ಆ ನಾಲ್ಕು ಬೆರಳು ಜಾಗ ಬಿಟ್ಟಿದ್ದನ್ನು ನಾನೂ ನೋಡಿದೆ. ದಯವಿಟ್ಟು ಕೆಳಗಿರಿ.

*

ಜುಲೈ 19

ಮಗಾ,

ಸಾಹೇಬರಿಗೆ ನಮಸ್ಕಾರ. ಸ್ವಾಮಿ, ನಿಮ್ಮ ಅಂಗಿಗಳನ್ನು ಬ್ರೆಡ್ ವ್ಯಾನಿನಲ್ಲಿ ಕಳಿಸಿಕೊಡಿ. ಕಾಲರು ನಾನು ನೋಡಿಕೊಳ್ಳುತ್ತೇನೆ, ದುಡ್ಡಿನ ಮಾತು ಎತ್ತಬೇಡಿ.

ಚಿತ್ರ ಸಿಕ್ಕಿತು. ಬಟ್ಟೆಯ ಕ್ಲಿಪ್ಪಿನ ಡಬ್ಬಿಯ ತಳದಲ್ಲಿತ್ತು. ರಾಟೆಗಳು, ಹಗ್ಗ, ಕೆಳಗೆ ಹಿಡಿ ತಿರುಗಿಸುತ್ತಾ ನಿಂತಿರುವ ದಪ್ಪ ಹೆಂಗಸು. ಅದು ನಾನಂತೆ, ಬಾಣದ ಗುರುತು ಹಾಕಿ "ಅತ್ತೆ" ಎಂದು ಬರೆದಿದ್ದಾಳೆ. ಅಷ್ಟು ದಪ್ಪ ನಾನೇನೂ ಇಲ್ಲ.

ನಿನ್ನೆ ಎಮ್ಮೆ ಇಳಿಯಿತು. ಹಿಡಿ ತಿರುಗಿಸಿದವನು ನೀನಲ್ಲ ಎಂದು ಗೊತ್ತಿತ್ತು. ಆದರೂ ಉಗ್ರಾಣಕ್ಕೆ ಕಿಟಕಿ ಇದೆಯೋ, ನಿನ್ನ ಹತ್ತಿರ ದುರ್ಬೀನು ಬಿಟ್ಟಿದ್ದಾರೋ ಎಂದು ಯೋಚನೆಯಾಯಿತು. ಮೇಲೆ ಹೋಟೆಲಿನ ಬೆಡ್‌ಶೀಟುಗಳಿದ್ದವು. ಸ್ವೆಟರನ್ನೂ ತೊಳೆದು ಅಲ್ಲೇ ಹಾಕಿದ್ದೆ. ಕಾಲು ತಾನಾಗಿಯೇ ಮೆಟ್ಟಿಲಿನ ಹತ್ತಿರ ಹೋಯಿತು. ಮೊದಲ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದು ನಿಂತೆ.

ಎಷ್ಟು ಹೊತ್ತು ನಿಂತಿದ್ದೆನೋ. ಮೇಲೆ ಬೆಡ್‌ಶೀಟುಗಳು ಪಟಪಟ ಬಡಿದುಕೊಳ್ಳುವುದು, ಒಂದೊಂದಾಗಿ ಕ್ಲಿಪ್ಪು ಹಾರುವುದು ಕೇಳುತ್ತಿತ್ತು. ನಾನು ಹತ್ತಲಿಲ್ಲ. ಬೇಕರಿಯವಳು ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತಳು.

ಆರು ಬೆಡ್‌ಶೀಟು ಹೋದವು. ಒಂದು ಸ್ಟೇಷನ್ನಿನ ಗಡಿಯಾರಕ್ಕೆ ಸುತ್ತಿಕೊಂಡಿದೆಯಂತೆ, ಹೋಟೆಲಿನವನು ಬಂದು ಬಾಯಿಗೆ ಬಂದ ಹಾಗೆ ಬೈದ. ಇಷ್ಟು ದಿನಗಳಲ್ಲಿ ನನ್ನನ್ನು ಬೈದ ಮೊದಲ ಮನುಷ್ಯ. ಕೇಳಿ ಸಮಾಧಾನವಾಯಿತು. ಸ್ವೆಟರೂ ಹೋಗಿದೆ. ನಿಮ್ಮ ಗುಡ್ಡದ ಕಡೆ ಬಂದರೆ ಹುಡುಕಲು ಹೋಗಬೇಡ, ಎಲ್ಲಿದೆಯೋ ಅಲ್ಲೇ ಇರಲಿ.

ಬೋರ್ಡು ಒಳಗೆ ತಂದು ಒರೆಸಿದ್ದೇನೆ. ಏನು ಬರೆಯಬೇಕು ಎಂದು ಗೊತ್ತಾಗಿದೆ, ನಿನ್ನ ಅಕ್ಷರ ಚೆನ್ನಾಗಿರುವುದರಿಂದ ನೀನೇ ಬಂದು ಬರೆ.

ಒಂದು ಮಾತು ಬಿಟ್ಟೆ. ಮೆಟ್ಟಿಲ ಬುಡದಲ್ಲಿ ನಿಂತಿದ್ದಾಗ ನಾನು ಕೂಗಿದೆ. ಮೇಲೆ ಯಾರೂ ಇರಲಿಲ್ಲ, ಅದು ನನಗೂ ಗೊತ್ತಿತ್ತು, ಬೇಕರಿಯವಳಿಗೂ ಗೊತ್ತಿತ್ತು. ಆದರೂ ಗಂಟಲು ಬಿರಿಯುವ ಹಾಗೆ ಕೂಗಿದೆ: "ಬಟ್ಟೆ ಹಾಳಾಗಿ ಹೋಗ್ಲಿ, ನೀನು ಕೆಳಗೆ ಬಾರೇ." ಆಮೇಲೆ ಅಳು ಬಂತು.

ದಾರಿ ಕಾಯುತ್ತಿರುವ,
ನಿನ್ನ
ಅಮ್ಮ